ಅಮೆರಿಕದ ಪೇಟೆಂಟ್ ಪರೀಕ್ಷೆಗೆ ಮುಂಬಯಿಯಲ್ಲೇ ತಯಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ, ಗೋವಾ ಕಡೆ ಪೇಟೆಂಟ್ ಕೆಲಸದಲ್ಲಿರುವ ಕನ್ನಡಿಗರು ಸಾಕಷ್ಟು ಜನ ಇದ್ದಾರೆ. ಕೆಲವರು ಔಷಧ ಕಂಪನಿಗಳ ಐಪಿ (ಬೌದ್ಧಿಕ ಆಸ್ತಿ) ವಿಭಾಗದಲ್ಲಿದ್ದಾರೆ, ಕೆಲವರು ಅಮೆರಿಕದ ವಕೀಲರಿಗೆ ಡ್ರಾಫ್ಟಿಂಗ್ ಮಾಡಿಕೊಡುವ ಆಫೀಸುಗಳಲ್ಲಿದ್ದಾರೆ. ಮದುವೆ, ವರ್ಗಾವಣೆ, ಮೇಲಿನ ಓದು ಅಂತ ಅಮೆರಿಕಕ್ಕೆ ಹೊರಡುವ ಹೊತ್ತಿಗೆ ಎಲ್ಲರಿಗೂ ಒಂದು ಪ್ರಶ್ನೆ ಬರುತ್ತದೆ: ಅಲ್ಲಿನ ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದಾ, ಇಲ್ಲಿಂದಲೇ ಓದಿಕೊಂಡು ಹೋಗಬಹುದಾ? ಫೋನಿನಲ್ಲಿ, ವಾಟ್ಸಾಪಿನಲ್ಲಿ, ಭಾನುವಾರದ ಭೇಟಿಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಭಾರತದ ಪೇಟೆಂಟ್ ಕಾನೂನು ಗೊತ್ತಿರುವವರಿಗೆ ಈ ಪರೀಕ್ಷೆಯಲ್ಲಿ ಅರ್ಧ ದಾರಿ ಸುಲಭ. ಉಳಿದರ್ಧ ದಾರಿಯಲ್ಲಿ ಅದೇ ತಿಳಿವಳಿಕೆ ಕಾಲಿಗೆ ತೊಡಕುತ್ತದೆ. ಅದಕ್ಕೇ ಆ ಭಾಗವನ್ನು ಸ್ವಲ್ಪ ಜಾಸ್ತಿ ಬಿಡಿಸಿ ಬರೆದಿದ್ದೇನೆ.

ಇದು ಯಾವ ಪರೀಕ್ಷೆ? ಯಾರು ನಡೆಸುತ್ತಾರೆ?

ಅಮೆರಿಕದ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿ, ಅಂದರೆ ಯುಎಸ್‌ಪಿಟಿಒ, ತನ್ನ ಮುಂದೆ ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ನಡೆಸುವವರಿಗೆ ಇಟ್ಟಿರುವ ನೋಂದಣಿ ಪರೀಕ್ಷೆ. ಜನ ಇದನ್ನು ‘ಪೇಟೆಂಟ್ ಬಾರ್’ ಅಂತಲೇ ಕರೆಯುತ್ತಾರೆ. ಪ್ರೊಮೆಟ್ರಿಕ್ ಸಂಸ್ಥೆಯ ಕೇಂದ್ರಗಳಲ್ಲಿ, ಕಂಪ್ಯೂಟರ್ ಮೇಲೆ ನಡೆಯುತ್ತದೆ. ವರ್ಷಕ್ಕೊಮ್ಮೆ ಬರುವ ಪರೀಕ್ಷೆಯಲ್ಲ. ಅರ್ಜಿ ಒಪ್ಪಿಗೆಯಾದ ಮೇಲೆ 90 ದಿನಗಳ ಅವಧಿ ಸಿಗುತ್ತದೆ, ಅದರೊಳಗೆ ನಿಮಗೆ ಬೇಕಾದ ದಿನ ನೋಡಿಕೊಂಡು ಸೀಟು ಕಾಯ್ದಿರಿಸಬೇಕು.

ವಕೀಲಿ ಓದಿರಬೇಕಾ?

ಬೇಡ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಓದು ಇದ್ದರೆ ಸಾಕು. ಪಾಸಾದ ವಕೀಲರನ್ನು ಪೇಟೆಂಟ್ ಅಟಾರ್ನಿ ಅನ್ನುತ್ತಾರೆ, ವಕೀಲರಲ್ಲದವರನ್ನು ಪೇಟೆಂಟ್ ಏಜೆಂಟ್ ಅನ್ನುತ್ತಾರೆ. ಪರೀಕ್ಷೆ ಇಬ್ಬರಿಗೂ ಒಂದೇ. ವಕೀಲನಲ್ಲದ ಏಜೆಂಟ್ ಪೇಟೆಂಟ್ ಕಚೇರಿಯ ಮುಂದೆ ಕೆಲಸ ಮಾಡುವುದನ್ನು ಯಾವುದೇ ರಾಜ್ಯ ತಡೆಯುವ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ, ಸ್ಪೆರಿ ವಿರುದ್ಧ ಫ್ಲಾರಿಡಾ ಕೇಸಿನಲ್ಲಿ ಹೇಳಿದೆ. ಕೋರ್ಟಿನಲ್ಲಿ ದಾವೆ ಹೂಡುವುದು, ಟ್ರೇಡ್‌ಮಾರ್ಕ್ ಕೆಲಸ ಮಾಡುವುದು ಏಜೆಂಟಿಗೆ ಬರುವುದಿಲ್ಲ.

ನಾನು ಮುಂಬಯಿಯಲ್ಲೇ ಇದ್ದೇನೆ, ಭಾರತದ ಪಾಸ್‌ಪೋರ್ಟ್ ಇದೆ. ಪರೀಕ್ಷೆಗೆ ಕೂರಬಹುದಾ?

ಆಗುವುದಿಲ್ಲ. ಎಷ್ಟೋ ಜನ ಇದನ್ನು ತಿಳಿದುಕೊಳ್ಳದೆ ಮೊದಲು ಕೋಚಿಂಗಿಗೆ ದುಡ್ಡು ಕಟ್ಟಿಬಿಡುತ್ತಾರೆ, ಆಮೇಲೆ ಕೇಳುತ್ತಾರೆ. ದಯವಿಟ್ಟು ಇದನ್ನು ಮೊದಲು ಖಚಿತ ಮಾಡಿಕೊಳ್ಳಿ. ಅಮೆರಿಕದ ಪ್ರಜೆಗಳು ಅರ್ಜಿ ಹಾಕಬಹುದು. ಗ್ರೀನ್ ಕಾರ್ಡ್ ಇದ್ದು ಅಲ್ಲೇ ನೆಲೆಸಿದವರು ಹಾಕಬಹುದು. ಬೇರೆ ದೇಶದಲ್ಲೇ ನೆಲೆಸಿ, ಅಲ್ಲಿನ ಏಜೆಂಟ್ ಆಗಿರುವವರಿಗೂ ಒಂದು ದಾರಿ ಇದೆ. ಆದರೆ ಅದು ಎರಡು ದೇಶಗಳ ನಡುವಿನ ಪರಸ್ಪರ ಒಪ್ಪಿಗೆಯ ಮೇಲೆ ನಿಂತಿದೆ. ಕೆನಡಾದವರಿಗೆ ಅದು ಸಿಕ್ಕಿದೆ, ನಮಗೆ ಸಿಕ್ಕಿಲ್ಲ.

ಇಲ್ಲಿದ್ದುಕೊಂಡು ಅಮೆರಿಕದ ಕೇಸುಗಳಿಗೆ ಡ್ರಾಫ್ಟ್ ಬರೆಯಬಹುದು, ಪ್ರಯರ್ ಆರ್ಟ್, ಅಂದರೆ ಮೊದಲೇ ಬಹಿರಂಗವಾಗಿರುವ ಮಾಹಿತಿ, ಹುಡುಕಿಕೊಡಬಹುದು, ಆಫೀಸ್ ಆಕ್ಷನ್‌ಗೆ (ಅರ್ಜಿಯ ಬಗ್ಗೆ ಪೇಟೆಂಟ್ ಕಚೇರಿ ಕಳಿಸುವ ಆಕ್ಷೇಪದ ಪತ್ರಕ್ಕೆ) ಉತ್ತರದ ಕರಡು ಸಿದ್ಧ ಮಾಡಬಹುದು. ಪುಣೆಯಲ್ಲಿ ಎಷ್ಟೋ ಮನೆಗಳು ಈ ಕೆಲಸದ ಸಂಬಳದಲ್ಲೇ ನಡೆಯುತ್ತಿವೆ. ಆದರೆ ಸಹಿ ಹಾಕುವುದು ಅಲ್ಲಿ ನೋಂದಣಿಯಾದವರೇ, ಜವಾಬ್ದಾರಿಯೂ ಅವರದೇ.

ಎಚ್-1ಬಿ ವೀಸಾದಲ್ಲಿ ಹೋಗುತ್ತಿದ್ದೇನೆ. ಆಗ?

ಆಗ ಆಗುತ್ತದೆ, ಒಂದು ಷರತ್ತಿನ ಮೇಲೆ. ನಿಮ್ಮ ವೀಸಾ ಯಾವ ಕೆಲಸಕ್ಕೆ ಕೊಟ್ಟಿದೆಯೋ ಅದರಲ್ಲಿ ಪೇಟೆಂಟ್ ಅರ್ಜಿ ತಯಾರಿಸಿ ನಡೆಸುವ ಕೆಲಸ ಸೇರಿರಬೇಕು. ಲಾ ಫರ್ಮ್ ಅಥವಾ ಕಂಪನಿಯ ಪೇಟೆಂಟ್ ವಿಭಾಗಕ್ಕೆ ಅಂತಲೇ ಹೋಗುವವರಿಗೆ ತೊಂದರೆಯಿಲ್ಲ. ಸಾಫ್ಟ್‌ವೇರ್ ಕೆಲಸದ ವೀಸಾದಲ್ಲಿ ಹೋಗಿ, ಬಿಡುವಿನಲ್ಲಿ ಪೇಟೆಂಟ್ ಏಜೆಂಟ್ ಆಗುತ್ತೇನೆ ಅಂದರೆ ನಡೆಯುವುದಿಲ್ಲ. ಕೆಲಸ ಮಾಡಲು ಅನುಮತಿಯೇ ಇಲ್ಲದ ವೀಸಾದಲ್ಲಿ ಗಂಡನ ಜೊತೆ ಅಥವಾ ಹೆಂಡತಿಯ ಜೊತೆ ಹೋಗುವವರಿಗೂ ಅಷ್ಟೇ. ಅನುಮತಿ ಕೈಗೆ ಬರುವ ತನಕ ಓದುತ್ತಿರಿ, ಅರ್ಜಿ ಬೇಡ.

ಇನ್ನೊಂದು ವಿಷಯ. ವೀಸಾದಲ್ಲಿರುವವರಿಗೆ ಸಿಗುವುದು ಪೂರ್ತಿ ನೋಂದಣಿಯಲ್ಲ, ಸೀಮಿತ ಮಾನ್ಯತೆ. ವೀಸಾ, ಕೆಲಸ, ಅಲ್ಲಿನ ವಾಸ, ಮೂರೂ ಇರುವ ತನಕ ಅದು ನಡೆಯುತ್ತದೆ. ಕೆಲಸ ಬಿಟ್ಟು ಪುಣೆಗೆ ವಾಪಸ್ ಬಂದರೆ ಅದು ಮುಗಿಯಿತು. ‘ಒಮ್ಮೆ ಪಾಸಾಗಿ ನಂಬರ್ ತಗೊಂಡು ಊರಿಗೆ ಬಂದು ಆಫೀಸ್ ತೆರೆಯೋಣ’ ಅನ್ನುವ ಲೆಕ್ಕಾಚಾರ ಇದ್ದವರು ಇದನ್ನು ಮೊದಲೇ ತಿಳಿದುಕೊಂಡಿರಲಿ.

ನನ್ನ ಡಿಗ್ರಿ ನಡೆಯುತ್ತದಾ?

ಯುಎಸ್‌ಪಿಟಿಒ ಒಂದು ಪಟ್ಟಿ ಕೊಟ್ಟಿದೆ. ರಸಾಯನ ವಿಜ್ಞಾನ, ಭೌತ ವಿಜ್ಞಾನ, ಜೀವ ವಿಜ್ಞಾನ, ಕಂಪ್ಯೂಟರ್ ಸೈನ್ಸ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ಎಂಜಿನಿಯರಿಂಗ್ ಎಲ್ಲ ಅದರಲ್ಲಿವೆ. ಪಟ್ಟಿಯಲ್ಲಿರುವ ಡಿಗ್ರಿ ಇದ್ದರೆ ಅದು ಕೆಟಗರಿ ಎ, ದಾರಿ ಸಲೀಸು. ಡಿಗ್ರಿಯ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ಕೆಟಗರಿ ಬಿ. ಅಲ್ಲಿ ಡಿಗ್ರಿಯ ಹೆಸರನ್ನಲ್ಲ, ಓದಿದ ವಿಷಯಗಳನ್ನು ಎಣಿಸುತ್ತಾರೆ. ಉದಾಹರಣೆಗೆ ಭೌತ ವಿಜ್ಞಾನದಲ್ಲಿ 24 ಸೆಮಿಸ್ಟರ್ ಅವರ್ಸ್ (ಅಮೆರಿಕದ ಕಾಲೇಜುಗಳಲ್ಲಿ ಪಾಠ ಅಳೆಯುವ ಲೆಕ್ಕ), ಅಥವಾ ರಸಾಯನ ವಿಜ್ಞಾನದಲ್ಲಿ 30. ಬೇರೆ ಬೇರೆ ವಿಷಯ ಕೂಡಿಸಿ ತೋರಿಸುವ ದಾರಿಗಳೂ ಇವೆ.

ಇಲ್ಲೇ ನಮ್ಮವರಿಗೆ ಓಡಾಟ ಜಾಸ್ತಿ. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ‘ಪೇಪರ್ 1, ಪೇಪರ್ 2’ ಅಂತ ಇರುತ್ತದೆ. ಅದು ಯಾವ ವಿಷಯ, ಎಷ್ಟು ಗಂಟೆಯ ಪಾಠ ಅನ್ನುವುದು ಓದುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ, ಆ ವರ್ಷದ ಸಿಲಬಸ್ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ. ಮುಂಬಯಿ ಯೂನಿವರ್ಸಿಟಿಯವರು ಕಲಿನಾಕ್ಕೆ ಹೋಗಿಬರಬೇಕು. ಧಾರವಾಡ, ಮಂಗಳೂರು, ಮೈಸೂರಿನಲ್ಲಿ ಡಿಗ್ರಿ ಮಾಡಿ ಇಲ್ಲಿಗೆ ಬಂದವರು ಊರಿಗೆ ಹೋದಾಗಲೇ ಮುಗಿಸಿಕೊಳ್ಳಿ. ಸ್ಯಾನ್ ಹೋಸೆಯಲ್ಲಿ ಕೂತು ಧಾರವಾಡದ ಆಫೀಸಿಗೆ ಫೋನ್ ಮಾಡುವ ಪಾಡು ಬೇಡ. ಬರೀ ಮೂರು ವರ್ಷದ ಬಿಎಸ್‌ಸಿ ಇರುವವರು ವಿದೇಶಿ ಡಿಗ್ರಿಗಳನ್ನು ತೂಗಿನೋಡುವ ಸಂಸ್ಥೆಯಿಂದ ಸಮಾನತೆಯ ವರದಿ ಮಾಡಿಸಿ. ಎಂಎಸ್‌ಸಿ, ಪಿಎಚ್‌ಡಿ ಇದ್ದರೆ ಅವುಗಳ ದಾಖಲೆಯನ್ನೂ ಸೇರಿಸಿ.

ಆರ್ಕಿಟೆಕ್ಚರ್, ಇಂಡಸ್ಟ್ರಿಯಲ್ ಡಿಸೈನ್ ಓದಿದವರಿಗೆ 2024ರ ಜನವರಿಯಿಂದ ಹೊಸ ಬಾಗಿಲು ತೆರೆದಿದೆ. ಬರೀ ಡಿಸೈನ್ ಪೇಟೆಂಟ್ ಕೆಲಸಕ್ಕೆ ಅಂತ ಬೇರೆ ನೋಂದಣಿ ಬಂದಿದೆ. ಮುಂಬಯಿಯ ಆರ್ಕಿಟೆಕ್ಟ್ ಹುಡುಗ-ಹುಡುಗಿಯರಿಗೆ ಇದು ತಿಳಿದೇ ಇರುವುದಿಲ್ಲ, ನಿಮ್ಮ ಬಳಗದಲ್ಲಿ ಯಾರಾದರೂ ಇದ್ದರೆ ಹೇಳಿ.

ಹೆಸರಿನ ಗೊಂದಲ ಹೇಗೆ ಸರಿಮಾಡುವುದು?

ಇದು ನಮ್ಮ ಕನ್ನಡಿಗರದ್ದೇ ತಾಪತ್ರಯ. ಎಸ್ಎಸ್ಎಲ್‌ಸಿ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್ ಇರುತ್ತದೆ. ಮುಂಬಯಿ ಕಾಲೇಜಿನಲ್ಲಿ ಇಲ್ಲಿನ ಪದ್ಧತಿಯಂತೆ ಅಡ್ಡಹೆಸರು ಮೊದಲು, ಆಮೇಲೆ ಹೆಸರು, ಆಮೇಲೆ ಅಪ್ಪನ ಹೆಸರು. ಕೆಲವು ಕಡೆ ಅಮ್ಮನ ಹೆಸರೂ ಸೇರಿಕೊಳ್ಳುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರ ಹೆಸರು ಅಡ್ಡಹೆಸರಾಗಿ ಕೂತಿರುತ್ತದೆ. ಮದುವೆಯಾದ ಹೆಣ್ಣುಮಕ್ಕಳದು ಇನ್ನೊಂದು ಕಥೆ.

ಪರೀಕ್ಷಾ ಕೇಂದ್ರದಲ್ಲಿ ತೋರಿಸುವ ಗುರುತಿನ ಚೀಟಿಯ ಹೆಸರೂ ಅರ್ಜಿಯ ಹೆಸರೂ ಒಂದೇ ಇರಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರೆಯಿರಿ. ಡಿಗ್ರಿಯಲ್ಲಿ ಬೇರೆ ರೀತಿ ಇದ್ದರೆ ‘ಇಬ್ಬರೂ ಒಬ್ಬರೇ’ ಅಂತ ತೋರಿಸುವ ಅಫಿಡವಿಟ್, ಮದುವೆ ಸರ್ಟಿಫಿಕೇಟ್, ಗೆಜೆಟ್ ಪ್ರತಿ ಇವುಗಳಲ್ಲಿ ನಿಮಗೆ ಹೊಂದುವುದನ್ನು ಇಲ್ಲಿರುವಾಗಲೇ ಮಾಡಿಸಿಟ್ಟುಕೊಳ್ಳಿ.

ಪರೀಕ್ಷೆ ಎಷ್ಟು ಹೊತ್ತು, ಎಷ್ಟು ಪ್ರಶ್ನೆ?

ಒಟ್ಟು 100 ಪ್ರಶ್ನೆ, ಆರು ಗಂಟೆ. ಬೆಳಿಗ್ಗೆ ಮೂರು ಗಂಟೆಯಲ್ಲಿ 50, ಮಧ್ಯಾಹ್ನ ಮೂರು ಗಂಟೆಯಲ್ಲಿ 50. ಎಲ್ಲವೂ ಬಹು ಆಯ್ಕೆಯವು, ಪ್ರತಿಯೊಂದಕ್ಕೂ ಐದು ಉತ್ತರ. ನೂರರಲ್ಲಿ ಹತ್ತು ಪ್ರಶ್ನೆ ಬರೀ ಪ್ರಯೋಗಕ್ಕೆ, ಅವಕ್ಕೆ ಅಂಕ ಇಲ್ಲ. ಆದರೆ ಆ ಹತ್ತು ಯಾವುವು ಅಂತ ಗೊತ್ತಾಗುವುದಿಲ್ಲ. ಉಳಿದ 90ರಲ್ಲಿ 70 ಶೇಕಡಾ, ಅಂದರೆ 63 ಸರಿಯಾದರೆ ಪಾಸು. ಲೆಕ್ಕ ಹಾಕಿದರೆ ಒಂದು ಪ್ರಶ್ನೆಗೆ ಮೂರೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ.

ಪುಸ್ತಕ ನೋಡಿ ಬರೆಯಬಹುದಂತೆ, ಹೌದಾ?

ಹೌದು. ಪೇಟೆಂಟ್ ಪರೀಕ್ಷಕರ ಕೈಪಿಡಿ ಎಂಪಿಇಪಿ ಪರೀಕ್ಷೆಯ ಕಂಪ್ಯೂಟರಿನಲ್ಲೇ ಇರುತ್ತದೆ. ನೀವು ಮನೆಯಿಂದ ಯಾವ ಕಾಗದವನ್ನೂ ಒಯ್ಯುವ ಹಾಗಿಲ್ಲ, ಫೋನು, ವಾಚು ಎಲ್ಲ ಹೊರಗೆ ಲಾಕರಿನಲ್ಲಿ.

‘ಪುಸ್ತಕ ಎದುರಿಗೇ ಇದೆ, ಇನ್ನೇನು ಭಯ’ ಅಂದುಕೊಳ್ಳಬೇಡಿ. ಎಂಪಿಇಪಿ ಸಾವಿರಾರು ಪುಟಗಳ ಪುಸ್ತಕ. ಪರೀಕ್ಷೆಯಲ್ಲಿ ಅದು ಅಧ್ಯಾಯವಾರು ಫೈಲುಗಳಾಗಿ ಇರುತ್ತದೆ. ಒಂದು ಅಧ್ಯಾಯ ತೆರೆದು ಅದರೊಳಗೆ ಹುಡುಕಬೇಕು, ಇಡೀ ಪುಸ್ತಕದಲ್ಲಿ ಒಂದೇ ಸಲ ಹುಡುಕಲು ಬರುವುದಿಲ್ಲ. ಹಾಗಾಗಿ ಯಾವ ವಿಷಯ ಯಾವ ಅಧ್ಯಾಯದಲ್ಲಿದೆ ಅನ್ನುವುದು ತಲೆಯಲ್ಲಿರಬೇಕು. ದಾದರಿನಲ್ಲಿ ಯಾವ ಬ್ರಿಡ್ಜ್ ಹತ್ತಿದರೆ ಯಾವ ಪ್ಲಾಟ್‌ಫಾರ್ಮ್ ಸಿಗುತ್ತದೆ ಅಂತ ದಿನಾ ಓಡಾಡುವವರಿಗೆ ಗೊತ್ತಿರುತ್ತದಲ್ಲ, ಎಂಪಿಇಪಿಯೂ ಹಾಗೆ ಕಾಲಿಗೆ ಪರಿಚಯ ಆಗಬೇಕು.

ಎಲ್ಲಾ ಅಧ್ಯಾಯ ಓದಬೇಕಾ? ಯಾವುದರಿಂದ ಶುರು ಮಾಡಲಿ?

ಎಲ್ಲಕ್ಕೂ ಒಂದೇ ತೂಕ ಕೊಡಬೇಡಿ. ಪ್ರಾಣ ಇರುವುದು ಎರಡು ಅಧ್ಯಾಯಗಳಲ್ಲಿ: 700 ಮತ್ತು 2100.

2100 ಪೇಟೆಂಟ್ ಸಿಗುವ ಅರ್ಹತೆಯ ಅಧ್ಯಾಯ. ಯಾವುದಕ್ಕೆ ಪೇಟೆಂಟ್ ಕೊಡಬಹುದು ಅನ್ನುವುದು 2106ರಲ್ಲಿದೆ. ಕ್ಲೇಮನ್ನು, ಅಂದರೆ ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಅಂತ ಹೇಳುವ ವಾಕ್ಯವನ್ನು, ಹೇಗೆ ಓದಬೇಕು ಅನ್ನುವುದು 2111ರಲ್ಲಿ, ಹೊಸತನ 2131ರಲ್ಲಿ, ಸುಲಭವಾಗಿ ಹೊಳೆಯುವಂಥದ್ದೇ ಅನ್ನುವ ಪ್ರಶ್ನೆ 2141ರಿಂದ ಮುಂದೆ. 2013ರ ಮಾರ್ಚ್ 16ರಿಂದ ಅಮೆರಿಕ ‘ಮೊದಲು ಅರ್ಜಿ ಹಾಕಿದವರಿಗೆ’ ಅನ್ನುವ ಪದ್ಧತಿಗೆ ಬಂತು, ಅದರ ವಿವರ 2150ರಿಂದ ಶುರುವಾಗುತ್ತದೆ. 700 ಅಧ್ಯಾಯ ದಿನನಿತ್ಯದ ವ್ಯವಹಾರ: ಆಕ್ಷೇಪ, ಉತ್ತರ, ಗಡುವು, ತಿದ್ದುಪಡಿ.

ಇವೆರಡು ಗಟ್ಟಿಯಾದ ಮೇಲೆ 600 ಮತ್ತು 200, ಅಂದರೆ ಅರ್ಜಿಯ ಭಾಗಗಳು ಮತ್ತು ಅರ್ಜಿಯ ಬಗೆಗಳು. ಆಮೇಲೆ 1800, ಅಂತರರಾಷ್ಟ್ರೀಯ ಅರ್ಜಿಯ ಒಪ್ಪಂದವಾದ ಪಿಸಿಟಿ. ಭಾರತದಲ್ಲಿ ಕೆಲಸ ಮಾಡಿದವರಿಗೆ ಪಿಸಿಟಿ ಆಗಲೇ ಪರಿಚಿತ, ಅಲ್ಲಿ ಸಮಯ ಉಳಿಯುತ್ತದೆ. ಪೇಟೆಂಟ್ ಸಿಕ್ಕ ಮೇಲಿನ ತಿದ್ದುಪಡಿಗೆ 1400. ಉಳಿದ ಅಧ್ಯಾಯಗಳಲ್ಲಿ ವಿಷಯ ಸೂಚಿ ಓದಿಕೊಂಡರೆ ಸಾಕು, ಬೇಕಾದಾಗ ಹುಡುಕಬಹುದು.

ಎಂಪಿಇಪಿಯ ಯಾವ ಪರಿಷ್ಕರಣೆಯ ಮೇಲೆ ಪರೀಕ್ಷೆ ನಡೆಯುತ್ತದೆ ಅಂತ ಯುಎಸ್‌ಪಿಟಿಒ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದನ್ನೇ ಇಳಿಸಿಕೊಳ್ಳಿ, ಉಚಿತ. ಯಾರೋ ಕೊಟ್ಟ ಹಳೆಯ ಫೈಲಿನ ಮೇಲೆ ಓದಬೇಡಿ.

ಭಾರತದ ಪೇಟೆಂಟ್ ಕಾನೂನು ಗೊತ್ತು. ಎಲ್ಲಿ ಎಡವುತ್ತೇವೆ?

ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ. ಅಪರಿಚಿತ ವಿಷಯದಲ್ಲಿ ನಾವು ಪುಸ್ತಕ ತೆರೆದು ನೋಡುತ್ತೇವೆ. ಗೊತ್ತಿದೆ ಅಂದುಕೊಂಡ ವಿಷಯದಲ್ಲಿ ನೋಡುವುದೇ ಇಲ್ಲ, ಅಲ್ಲೇ ಅಂಕ ಹೋಗುತ್ತದೆ.

ಒಂದು ಉದಾಹರಣೆ. ಪುಣೆಯ ಒಬ್ಬ ಸಂಶೋಧಕಿ ತನ್ನ ಹೊಸ ಕ್ಯಾಟಲಿಸ್ಟ್ ಬಗ್ಗೆ 2023ರ ಮಾರ್ಚ್ 10ರಂದು ಜರ್ನಲ್ಲಿನಲ್ಲಿ ಲೇಖನ ಪ್ರಕಟಿಸಿದಳು ಅಂತಿಟ್ಟುಕೊಳ್ಳಿ. 2024ರ ಫೆಬ್ರವರಿ 5ರಂದು ಅಮೆರಿಕದಲ್ಲಿ ಅರ್ಜಿ ಹಾಕಿದಳು. ಅವಳ ಲೇಖನವೇ ಅವಳ ಅರ್ಜಿಗೆ ಅಡ್ಡ ಬರುತ್ತದಾ? ಭಾರತದ ಕಾನೂನಿನಲ್ಲಿ ಪಳಗಿದವರು ತಕ್ಷಣ ‘ಹೌದು, ಹೊಸತನ ಹೋಯಿತು’ ಅನ್ನುತ್ತಾರೆ. ನಮ್ಮ 1970ರ ಕಾಯ್ದೆಯಲ್ಲಿ ವಿನಾಯಿತಿ ಇರುವುದು ಸರ್ಕಾರ ಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ ಮುಂತಾದ ಕೆಲವೇ ಸಂದರ್ಭಗಳಿಗೆ. ಅಮೆರಿಕದಲ್ಲಿ ಹಾಗಲ್ಲ. ಸಂಶೋಧಕರೇ ಬಹಿರಂಗ ಮಾಡಿದ ವಿಷಯ, ಅರ್ಜಿಯ ಪರಿಣಾಮಕಾರಿ ದಿನಾಂಕಕ್ಕೆ ಒಂದು ವರ್ಷದ ಒಳಗಿನದಾದರೆ, ಸೆಕ್ಷನ್ 102(ಬಿ)(1)ರ ಪ್ರಕಾರ ಪ್ರಯರ್ ಆರ್ಟ್ ಆಗುವುದಿಲ್ಲ. ಅವಳು ಒಂದು ತಿಂಗಳಿಗೂ ಹೆಚ್ಚು ಸಮಯ ಉಳಿಸಿಕೊಂಡೇ ಅರ್ಜಿ ಹಾಕಿದ್ದಾಳೆ.

ಇಂಥ ವ್ಯತ್ಯಾಸಗಳು ಇನ್ನೂ ಇವೆ. ಭಾರತದಲ್ಲಿ ಅರ್ಜಿ ಹಾಕಿದರಷ್ಟೇ ಸಾಲದು, ಅರ್ಜಿಯನ್ನು ಪರಿಶೀಲಿಸಿ ಅಂತ ಫಾರ್ಮ್ 18ರಲ್ಲಿ ಬೇರೆ ಕೋರಿಕೆ ಕೊಡಬೇಕು. 2024ರ ಮಾರ್ಚ್ 15ರ ತಿದ್ದುಪಡಿಯ ನಂತರ ಅದಕ್ಕೆ 48 ತಿಂಗಳ ಬದಲು 31 ತಿಂಗಳ ಗಡುವು. ಅಮೆರಿಕದಲ್ಲಿ ಆ ಬೇರೆ ಕೋರಿಕೆಯೇ ಇಲ್ಲ. ಇಲ್ಲಿ ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ಸೆಕ್ಷನ್ 25(1)ರಲ್ಲಿ ವಿರೋಧ ಸಲ್ಲಿಸಿ ವಾದ ಮಾಡಬಹುದು. ಅಲ್ಲಿ ಮೂರನೆಯವರು ದಾಖಲೆ ಕೊಟ್ಟು, ಅದು ಏಕೆ ಸಂಬಂಧಿಸಿದ್ದು ಅಂತ ಚುಟುಕಾಗಿ ಬರೆದು ಸುಮ್ಮನಿರಬೇಕು. ಇಲ್ಲಿ ಅರ್ಜಿ ಒಡೆಯಲು ಡಿವಿಜನಲ್ (ಒಂದು ಅರ್ಜಿಯಿಂದ ಬೇರ್ಪಡಿಸಿದ ಅರ್ಜಿ) ಒಂದೇ ದಾರಿ. ಅಲ್ಲಿ ಹಳೆಯ ಅರ್ಜಿಯನ್ನೇ ಮುಂದುವರಿಸುವ ಕಂಟಿನ್ಯುಯೇಶನ್ ಇದೆ, ಅದಕ್ಕೆ ಹೊಸ ವಿಷಯ ಸೇರಿಸುವ ಕಂಟಿನ್ಯುಯೇಶನ್-ಇನ್-ಪಾರ್ಟ್ ಇದೆ. ಕೊನೆಯ ತಿರಸ್ಕಾರ ಬಂದ ಮೇಲೂ ಶುಲ್ಕ ಕಟ್ಟಿ ಅರ್ಜಿಯ ಪರಿಶೀಲನೆ ಮುಂದುವರಿಸುವ ಆರ್‌ಸಿಇ ಇದೆ. ಇಲ್ಲಿನ ಸೆಕ್ಷನ್ 8ರಲ್ಲಿ ಬೇರೆ ದೇಶದ ಅರ್ಜಿಗಳ ಮಾಹಿತಿ ಕೊಡುತ್ತೇವೆ. ಅಲ್ಲಿನ ರೂಲ್ 56 ಅದಕ್ಕಿಂತ ಅಗಲ. ಪೇಟೆಂಟ್ ಸಿಗುವುದಕ್ಕೆ ಮುಖ್ಯವಾದ ಯಾವ ವಿಷಯ ಗೊತ್ತಿದ್ದರೂ ಮುಚ್ಚಿಡುವ ಹಾಗಿಲ್ಲ. ಅದು ಸಂಶೋಧಕರಿಗೂ ಏಜೆಂಟಿಗೂ ಅನ್ವಯ.

ನನ್ನ ಸಲಹೆ: ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ನಮ್ಮ ಸೆಕ್ಷನ್, ಬಲಕ್ಕೆ ಅಲ್ಲಿನದು ಬರೆದುಕೊಂಡು ಹೋಗಿ. ಒಂದೇ ಥರ ಇರುವುದನ್ನು ಬರೆಯಬೇಡಿ. ಬೇರೆಯಾದದ್ದನ್ನು ಮಾತ್ರ ಬರೆಯಿರಿ.

ಗಡುವಿನ ಲೆಕ್ಕದ ಪ್ರಶ್ನೆಗಳು ಕಷ್ಟವಾ?

ಕಷ್ಟ ಅಲ್ಲ, ಆದರೆ ಮೋಸ ಹೋಗುವುದು ಸುಲಭ. ಆಫೀಸ್ ಆಕ್ಷನ್‌ಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು ಕೊಡುತ್ತಾರೆ. ಶುಲ್ಕ ಕಟ್ಟಿ ವಿಸ್ತರಿಸಬಹುದು, ಆದರೆ ಒಟ್ಟು ಆರು ತಿಂಗಳು ದಾಟುವಂತಿಲ್ಲ. ಆಕ್ಷನ್ ದಿನಾಂಕ ಫೆಬ್ರವರಿ 28 ಆದರೆ ಮೂರು ತಿಂಗಳ ಗಡುವು ಮೇ 28. ತಿಂಗಳ ಕೊನೆಯ ದಿನ ಅಂತ ಮೇ 31 ಹಿಡಿದರೆ ತಪ್ಪು. ಅದೇ ನವೆಂಬರ್ 30ರ ಆಕ್ಷನ್ ಆದರೆ ಫೆಬ್ರವರಿಯ ಕೊನೆಯ ದಿನ, ಏಕೆಂದರೆ ಫೆಬ್ರವರಿಯಲ್ಲಿ 30 ಇಲ್ಲ. ಇದು 710ನೇ ಭಾಗದಲ್ಲಿ ಹೀಗೇ ಉದಾಹರಣೆ ಸಮೇತ ಇದೆ.

ಗಡುವು ಶನಿವಾರ, ಭಾನುವಾರ ಅಥವಾ ವಾಷಿಂಗ್ಟನ್ ಡಿಸಿಯ ಫೆಡರಲ್ ರಜೆಯ ದಿನ ಬಿದ್ದರೆ ಮುಂದಿನ ಕೆಲಸದ ದಿನ ಕೊಟ್ಟರೂ ನಡೆಯುತ್ತದೆ. ಗಣೇಶ ಚೌತಿಗೆ ಮುಂಬಯಿ ಇಡೀ ಮುಚ್ಚಿದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ!

ಕ್ಲೇಮು ಓದುವ ಪ್ರಶ್ನೆ ಹೇಗಿರುತ್ತದೆ?

ನಮ್ಮ ಮನೆಯ ಕಾಫಿ ಫಿಲ್ಟರ್ ಎದುರಿಗಿಟ್ಟುಕೊಂಡು ನೋಡೋಣ. ಹಳೆಯ ಒಂದು ದಾಖಲೆಯಲ್ಲಿ ನಾಲ್ಕು ಭಾಗಗಳ ಫಿಲ್ಟರ್ ಇದೆ: ತಳದಲ್ಲಿ ತೂತಿರುವ ಮೇಲಿನ ಪಾತ್ರೆ, ಡಿಕಾಕ್ಷನ್ ಇಳಿಯುವ ಕೆಳಗಿನ ಪಾತ್ರೆ, ಪುಡಿ ಒತ್ತುವ ಕೊಡೆಯಂಥ ತಟ್ಟೆ, ಮುಚ್ಚಳ. ಈಗ ಒಬ್ಬರು ‘ಮೇಲಿನ ಪಾತ್ರೆ ಮತ್ತು ಕೆಳಗಿನ ಪಾತ್ರೆಯನ್ನು ಒಳಗೊಂಡ ಸಾಧನ’ ಅಂತ ಕ್ಲೇಮ್ ಹಾಕುತ್ತಾರೆ. ಇಲ್ಲಿ ‘ಕಂಪ್ರೈಸಿಂಗ್’ ಅಂತ ಬಳಸಿದ್ದರೆ ಅದು ತೆರೆದ ಕ್ಲೇಮು. ಬೇರೆ ಭಾಗಗಳು ಇದ್ದರೂ ಇಲ್ಲದಿದ್ದರೂ ಅದರೊಳಗೆ ಬರುತ್ತವೆ. ಹಾಗಾಗಿ ಹಳೆಯ ಫಿಲ್ಟರ್ ಅದರ ಹೊಸತನ ಕಳೆಯುತ್ತದೆ. ‘ಕನ್ಸಿಸ್ಟಿಂಗ್ ಆಫ್’ ಅಂತ ಬಳಸಿದ್ದರೆ ಮುಚ್ಚಿದ ಕ್ಲೇಮು: ಆ ಎರಡು ಪಾತ್ರೆ ಬಿಟ್ಟು ಇನ್ನೇನೂ ಇರಬಾರದು. ಆಗ ತಟ್ಟೆ, ಮುಚ್ಚಳ ಇರುವ ಹಳೆಯ ಫಿಲ್ಟರ್ ಅದರ ಹೊಸತನ ಕಳೆಯುವುದಿಲ್ಲ. ಸುಲಭವಾಗಿ ಹೊಳೆಯುವಂಥದ್ದೇ ಅನ್ನುವ ಆಕ್ಷೇಪ ಬರಬಹುದು, ಅದು ಬೇರೆ ಮಾತು.

ಪರೀಕ್ಷೆಯಲ್ಲಿ ಕಾಫಿ ಫಿಲ್ಟರ್ ಬದಲು ಪಾಲಿಮರ್ ಮಿಶ್ರಣವೋ ಸರ್ಕಿಟ್ಟೋ ಇರುತ್ತದೆ. ಪ್ರಶ್ನೆ ಅರ್ಧ ಪುಟ ಇರುತ್ತದೆ, ಕೀಲಿ ಇರುವುದು ಆ ಒಂದು ಪದದಲ್ಲಿ. ಮೊದಲು ಕೊನೆಯ ಸಾಲು ಓದಿ, ಏನು ಕೇಳಿದ್ದಾರೆ ನೋಡಿಕೊಳ್ಳಿ. ‘ಇವುಗಳಲ್ಲಿ ಯಾವುದು ಸರಿಯಲ್ಲ’ ಅಂತ ಕೇಳಿರುವುದನ್ನು ಗಮನಿಸದೆ ಸರಿಯಾದದ್ದಕ್ಕೆ ಗುರುತು ಹಾಕಿ ಬರುವವರು ತುಂಬಾ ಜನ.

ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷ್ ಭಯ.

ಇಲ್ಲಿ ಪ್ರಬಂಧ ಬರೆಯಬೇಕಾಗಿಲ್ಲ, ಓದಿ ಅರ್ಥ ಮಾಡಿಕೊಳ್ಳಬೇಕು ಅಷ್ಟೇ. ಪೇಟೆಂಟಿನ ಇಂಗ್ಲಿಷ್ ಇಂಗ್ಲಿಷ್ ಮಾಧ್ಯಮದವರಿಗೂ ಹೊಸದೇ. ಉದ್ದ ವಾಕ್ಯವನ್ನು ಒಡೆದು, ಯಾರು, ಏನು, ಯಾವಾಗ, ಯಾವ ಷರತ್ತಿನಲ್ಲಿ ಅಂತ ಕನ್ನಡದಲ್ಲೇ ನಿಮಗೆ ನೀವೇ ಹೇಳಿಕೊಳ್ಳಿ. ಇದನ್ನು ರೂಢಿ ಮಾಡಿಕೊಂಡವರು ವೇಗವಾಗಿ ಓದುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಊರು ಇದು. ದುಡಿಯುತ್ತಾ ಓದುವುದು ನಮಗೆ ಹೊಸತಲ್ಲ.

ಕೋಚಿಂಗ್ ಬೇಕೇಬೇಕಾ?

ಬೇಕೇಬೇಕು ಅಂತ ನಾನು ಹೇಳುವುದಿಲ್ಲ. ಅಮೆರಿಕದ ಕೋರ್ಸುಗಳು ಡಾಲರಿನಲ್ಲಿ ದುಬಾರಿ. ಅವುಗಳಿಂದ ಸಿಗುವ ಮುಖ್ಯ ಲಾಭ ಅಣಕು ಪರೀಕ್ಷೆಯ ತಂತ್ರಾಂಶ. ಕಂಪನಿ ದುಡ್ಡು ಕೊಡುವುದಾದರೆ ತೆಗೆದುಕೊಳ್ಳಿ. ಕೈಯಿಂದ ಹಾಕುವುದಾದರೆ ಮೊದಲು ಎಂಪಿಇಪಿಯ 700 ಮತ್ತು 2100 ಓದಿ ಮುಗಿಸಿ, ಆಮೇಲೂ ಬೇಕು ಅನಿಸಿದರೆ ನೋಡಿ.

2003ರವರೆಗಿನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಯುಎಸ್‌ಪಿಟಿಒ ಉತ್ತರ ಸಮೇತ ಹೊರಗೆ ಬಿಟ್ಟಿದೆ. ಕ್ಲೇಮು, ಉತ್ತರ ಸಲ್ಲಿಕೆ, ಗಡುವಿನ ಪ್ರಶ್ನೆಗಳಿಗೆ ಅವು ಒಳ್ಳೆಯ ಅಭ್ಯಾಸ. ಆದರೆ ಹೊಸತನದ ಪ್ರಶ್ನೆಗಳ ಉತ್ತರ 2013ರ ಬದಲಾವಣೆಗೆ ಮುಂಚಿನದು, ಅವನ್ನು ಹಾಗೇ ನಂಬಬೇಡಿ. ಪ್ರತಿ ಉತ್ತರವನ್ನೂ ಈಗಿನ ಎಂಪಿಇಪಿಯಲ್ಲಿ ತೆಗೆದು ಹೋಲಿಸಿ. ಆ ಹೋಲಿಕೆಯಲ್ಲೇ ಅರ್ಧ ಪಾಠ ಆಗಿಬಿಡುತ್ತದೆ.

ಇತ್ತೀಚೆಗೆ ಪರೀಕ್ಷೆ ಬರೆದವರ ಹತ್ತಿರ ‘ಏನೇನು ಬಂದಿತ್ತು’ ಅಂತ ಕೇಳಬೇಡಿ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲ ಅಂತ ಅವರು ಒಪ್ಪಿರುತ್ತಾರೆ. ಈ ವೃತ್ತಿಗೆ ನಡತೆಯ ಪರಿಶೀಲನೆಯೂ ಇದೆ, ಒಬ್ಬರ ದಾರಿಗೆ ನಾವು ಕಲ್ಲು ಹಾಕಬಾರದು.

ಡೊಂಬಿವಿಲಿಯಿಂದ ದಿನಾ ಲೋಕಲಿನಲ್ಲಿ ಓಡಾಟ. ಯಾವಾಗ ಓದಲಿ?

ನಿಂತುಕೊಂಡು ಹೋಗುವ ರೈಲಿನಲ್ಲಿ ಹೊಸ ಅಧ್ಯಾಯ ಓದುವುದು ಆಗದ ಮಾತು. ಆ ಹೊತ್ತಿಗೆ ಫೋನಿನಲ್ಲಿ ಒಂದೆರಡು ಹಳೆಯ ಪ್ರಶ್ನೆ ಇಟ್ಟುಕೊಂಡು ಮನಸ್ಸಿನಲ್ಲೇ ಬಿಡಿಸಿ. ಯಾವ ಅಧ್ಯಾಯದಲ್ಲಿ ಹುಡುಕಬೇಕು ಅನ್ನುವುದನ್ನಷ್ಟೇ ನಿರ್ಧರಿಸಿ, ರಾತ್ರಿ ಮನೆಯಲ್ಲಿ ತೆಗೆದು ನೋಡಿ. ಭಾನುವಾರ ಒಂದೇ ಪಟ್ಟಿಗೆ ಮೂರು ಗಂಟೆ, 50 ಪ್ರಶ್ನೆ, ಲ್ಯಾಪ್‌ಟಾಪಿನಲ್ಲೇ. ಪರದೆಯ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಎಂಪಿಇಪಿಯ ಅಧ್ಯಾಯ. ಕಾಗದದ ಮೇಲೆ ಅಭ್ಯಾಸ ಮಾಡಿದವರಿಗೆ ಪರದೆಯ ಮೇಲೆ ಕಣ್ಣು ಬೇಗ ಸೋಲುತ್ತದೆ.

ಪರೀಕ್ಷೆಯಲ್ಲಿ ಮೊದಲ ಸುತ್ತಿಗೆ ಗೊತ್ತಿರುವುದೆಲ್ಲ ಮುಗಿಸಿ, ಹುಡುಕಬೇಕಾದದ್ದಕ್ಕೆ ಗುರುತು ಹಾಕಿ ಮುಂದೆ ಹೋಗಿ. ಎರಡನೇ ಸುತ್ತಿನಲ್ಲಿ ಪುಸ್ತಕ ತೆರೆಯಿರಿ. ಒಂದೇ ಅಧ್ಯಾಯದ ಪ್ರಶ್ನೆಗಳನ್ನು ಒಟ್ಟಿಗೆ ನೋಡಿದರೆ ಫೈಲು ಬದಲಿಸುವ ಸಮಯ ಉಳಿಯುತ್ತದೆ.

ಫಲಿತಾಂಶ ಯಾವಾಗ? ಫೇಲಾದರೆ?

ಮುಗಿದ ಕೂಡಲೇ ಪರದೆಯ ಮೇಲೆ ಪಾಸೋ ಫೇಲೋ ಅನ್ನುವ ತಾತ್ಕಾಲಿಕ ಫಲಿತಾಂಶ ಬರುತ್ತದೆ, ಅಧಿಕೃತ ಪತ್ರ ಆಮೇಲೆ. ಫೇಲಾದರೆ 30 ದಿನ ಕಾಯಬೇಕು, ಶುಲ್ಕವೂ ಮತ್ತೆ ಕಟ್ಟಬೇಕು.

ಅರ್ಜಿಯಲ್ಲಿ ಹಳೆಯ ಪೊಲೀಸ್ ಕೇಸು, ಕೆಲಸದಿಂದ ತೆಗೆದದ್ದು ಎಲ್ಲ ಕೇಳುತ್ತಾರಂತೆ?

ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ದಾಖಲೆ ಇಟ್ಟು ವಿವರಣೆ ಕೊಡಿ. ಹಳೆಯ ಸಣ್ಣ ವಿಷಯಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ದೊಡ್ಡ ತೊಂದರೆಯಾಗುತ್ತದೆ.

ನಾನು ಅಮೆರಿಕಕ್ಕೆ ಹೋಗುವುದಿಲ್ಲ. ಇಲ್ಲೇ ಏಜೆಂಟ್ ಆಗಬೇಕು. ಈ ಓದು ವ್ಯರ್ಥವಾ?

ಖಂಡಿತ ಅಲ್ಲ. ಕ್ಲೇಮು ಓದುವ ಕಣ್ಣು ಎಲ್ಲಿ ಬೆಳೆಸಿಕೊಂಡರೂ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ. ಭಾರತದ ಏಜೆಂಟ್ ಆಗಲು ಪೇಟೆಂಟ್ ಕಾಯ್ದೆಯ ಸೆಕ್ಷನ್ 126 ನೋಡಿ: ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಡಿಗ್ರಿ ಇರಬೇಕು, ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಮೊದಲ ಪೇಪರ್ ಕಾಯ್ದೆ ಮತ್ತು ನಿಯಮಗಳದ್ದು, 100 ಅಂಕ. ಎರಡನೆಯದು ಸ್ಪೆಸಿಫಿಕೇಶನ್ (ಆವಿಷ್ಕಾರವನ್ನು ವಿವರಿಸುವ ದಾಖಲೆ) ಬರೆಯುವುದು ಮತ್ತು ಓದಿ ಅರ್ಥೈಸುವುದು, 100 ಅಂಕ. ಜೊತೆಗೆ ಮೌಖಿಕ ಪರೀಕ್ಷೆ. ಎರಡನೇ ಪೇಪರಿನಲ್ಲಿ ಕ್ಲೇಮು ನೀವೇ ಬರೆಯಬೇಕು, ಅದು ಅಮೆರಿಕದ ಪರೀಕ್ಷೆಯಲ್ಲಿ ಇಲ್ಲದ ಕಷ್ಟ. ದಿನಕ್ಕೊಂದು ಮನೆಯ ವಸ್ತು ತೆಗೆದುಕೊಂಡು ಅದಕ್ಕೆ ತಾನೇ ನಿಲ್ಲುವ ಒಂದು ಸ್ವತಂತ್ರ ಕ್ಲೇಮು, ಅದನ್ನು ಆಧರಿಸಿದ ಎರಡು ಅವಲಂಬಿತ ಕ್ಲೇಮು ಬರೆಯುವ ಅಭ್ಯಾಸ ಮಾಡಿ.

ಈ ಪರೀಕ್ಷೆ ಪ್ರತಿ ವರ್ಷ ತಪ್ಪದೆ ಬರುತ್ತದೆ ಅಂತ ನಂಬಿ ಕೂರಬೇಡಿ. 2018ರ ಪರೀಕ್ಷೆ ಆದ ಮೇಲೆ ಮುಂದಿನದು 2023ರಲ್ಲಿ ನಡೆಯಿತು. ಪ್ರಕಟಣೆ ಬಂದ ಮೇಲೆ ಓದಲು ಶುರು ಮಾಡಿದವರಿಗೆ ಸಮಯ ಸಾಲುವುದಿಲ್ಲ.

ಕೇಸುಗಳನ್ನು ಓದುವಾಗ ನಮ್ಮ ಊರಿನದ್ದನ್ನು ಮರೆಯಬೇಡಿ. ದೇಶದ ಮೊದಲ ಕಡ್ಡಾಯ ಪರವಾನಗಿ (ಪೇಟೆಂಟ್ ಇರುವವರ ಒಪ್ಪಿಗೆಯಿಲ್ಲದೆಯೂ ಬೇರೆಯವರಿಗೆ ತಯಾರಿಸಲು ಕೊಡುವ ಅನುಮತಿ), ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ಸೊರಾಫೆನಿಬ್ ತಯಾರಿಸಲು ನ್ಯಾಟ್ಕೊಗೆ ಸಿಕ್ಕಿದ್ದು, 2012ರ ಮಾರ್ಚ್‌ನಲ್ಲಿ ಮುಂಬಯಿ ಪೇಟೆಂಟ್ ಕಚೇರಿಯಿಂದಲೇ ಹೊರಬಂತು. ಸೆಕ್ಷನ್ 84 ಓದುವಾಗ ಆ ಆದೇಶವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಗೊತ್ತಿರುವ ವಸ್ತುವಿನ ಹೊಸ ರೂಪಗಳಿಗೆ ಪೇಟೆಂಟ್ ಮಿತಿಗೊಳಿಸುವ ಸೆಕ್ಷನ್ 3(ಡಿ)ಗೆ 2013ರ ಏಪ್ರಿಲ್ 1ರ ನೊವಾರ್ಟಿಸ್ ತೀರ್ಪು.

ಮುಂಬಯಿ ಪೇಟೆಂಟ್ ಕಚೇರಿ ಆಂಟಾಪ್ ಹಿಲ್ ಪೋಸ್ಟ್ ಆಫೀಸಿನ ಹತ್ತಿರ ಇದೆ. ಮಹಾರಾಷ್ಟ್ರ, ಗೋವಾ, ಗುಜರಾತ್, ಮಧ್ಯಪ್ರದೇಶ, ಛತ್ತೀಸ್‌ಗಢ ಅದರ ವ್ಯಾಪ್ತಿಗೆ ಬರುತ್ತವೆ. ಊರಿನ ಕಡೆಯ, ಅಂದರೆ ಕರ್ನಾಟಕದ ಅರ್ಜಿದಾರರು ಚೆನ್ನೈ ಕಚೇರಿಯ ವ್ಯಾಪ್ತಿಯವರು. ಏಜೆಂಟ್ ಆದವರು ದೇಶದ ನಾಲ್ಕೂ ಪೇಟೆಂಟ್ ಕಚೇರಿಗಳ ಮುಂದೆ ಕೆಲಸ ಮಾಡಬಹುದು. ಪಾಸಾದ ಮೇಲೆ ಫಾರ್ಮ್ 22ರಲ್ಲಿ ನೋಂದಣಿಗೆ ಅರ್ಜಿ ಹಾಕಿ, ಶುಲ್ಕ ಕಟ್ಟಿ. ರಿಜಿಸ್ಟರಿನಲ್ಲಿ ಹೆಸರು ಬಂದ ಮೇಲೆಯೇ ‘ಪೇಟೆಂಟ್ ಏಜೆಂಟ್’ ಅಂತ ಬೋರ್ಡ್ ಹಾಕಿ. ಅದಕ್ಕೆ ಮೊದಲು ಹಾಗೆ ಹೇಳಿಕೊಳ್ಳುವುದನ್ನು ಸೆಕ್ಷನ್ 129 ತಡೆಯುತ್ತದೆ.